ಎಡಗೆನ್ನೆ ಬೆವರುವವನ ಮಾತು



ಮಾತಿನ ನಡುವೆ ನಾನು ಆಗಾಗ ನಿಲ್ಲುತ್ತೇನೆ. ರೇಡಿಯೋ ಕೆಟ್ಟಿತು ಅಂತ ಯಾರೂ ತಟ್ಟಬೇಡಿ. ನೀರು ಗುಟುಕರಿಸುತ್ತಿರುತ್ತೇನೆ, ಅಷ್ಟೆ. ಆ ನಿಲುಗಡೆಗಳನ್ನು ಕತ್ತರಿಸಿ ಪ್ರಸಾರ ಮಾಡುತ್ತೇವೆ ಎಂದು ನಿಲಯದವರು ಸೌಜನ್ಯದಿಂದ ಹೇಳಿದರು. ಬೇಡ, ಇರಲಿ ಬಿಡಿ ಅಂದೆ. ಪ, ಬ, ಮ ಈ ಅಕ್ಷರಗಳೂ ಅಲ್ಲಲ್ಲಿ ಸಡಿಲವಾಗಿ ಕೇಳಿಸಬಹುದು. ತುಟಿಗೆ ತುಟಿ ಗಟ್ಟಿಯಾಗಿ ಕೂಡಿದರೆ ಮಾತ್ರ ಹುಟ್ಟುವ ಅಕ್ಷರಗಳು ಅವು. ನನ್ನ ಕೆಳತುಟಿಯ ಎಡ ಮೂಲೆ ಇನ್ನೂ ಪೂರ್ತಿ ಹೇಳಿದ ಮಾತು ಕೇಳುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಅತಿಥಿ ಉಪನ್ಯಾಸಕ. ಇಪ್ಪತ್ತಾರರ ವಯಸ್ಸಿನಲ್ಲಿ ನನಗೆ ಲಾಲಾಗ್ರಂಥಿಯ ಕ್ಯಾನ್ಸರ್ ಆಯಿತು. ಜೊಲ್ಲು ಸುರಿಸುವ ಗ್ರಂಥಿಗೂ ಕ್ಯಾನ್ಸರ್ ಬರುತ್ತದಾ ಎಂದು ಕೇಳಿದವರೇ ಹೆಚ್ಚು. ಅದೊಂದು ಒಳ್ಳೆಯ ಪ್ರಶ್ನೆ, ಉತ್ತರ ಕೊಡುವಂಥದು. ಮಿಕ್ಕ ಪ್ರಶ್ನೆಗಳಲ್ಲಿ ಬಹುಪಾಲು ಅಂಥವಲ್ಲ. ಅವುಗಳ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಬಾಯಿಗೆ ನೀರೂರಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಎಲ್ಲಕ್ಕಿಂತ ದೊಡ್ಡದು ಪೆರೋಟಿಡ್. ಕಿವಿಯ ಮುಂದಿನಿಂದ ದವಡೆಯ ಮೂಲೆಯವರೆಗೆ ಚರ್ಮದ ಕೆಳಗೆ ಹರಡಿಕೊಂಡಿರುತ್ತದೆ. ದವಡೆಯ ಅಡಿಗೆ ಒಂದು ಜೊತೆ, ನಾಲಿಗೆಯ ಅಡಿಗೆ ಇನ್ನೊಂದು ಜೊತೆ. ಇವಲ್ಲದೆ ತುಟಿಯ ಒಳಗೆ, ಅಂಗುಳದಲ್ಲಿ, ಗಂಟಲಲ್ಲಿ 600ರಿಂದ 1000ದವರೆಗೆ ಪುಟ್ಟಪುಟ್ಟ ಗ್ರಂಥಿಗಳಿವೆ. ಎಲ್ಲವೂ ಸೇರಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸುರಿಸುತ್ತವೆ. ಇಷ್ಟೊಂದನ್ನು ನಾವು ದಿನವೂ ನುಂಗುತ್ತೇವೆ ಎಂಬುದೇ ನಮಗೆ ಗೊತ್ತಿರುವುದಿಲ್ಲ. ಗೊತ್ತಾಗುವುದು ಅದು ನಿಂತಾಗ.

ಗಂಟು ಏಳುವುದು ಹೆಚ್ಚಾಗಿ ಪೆರೋಟಿಡ್‌ನಲ್ಲಿ. ಕೇಳುತ್ತಿರುವವರಲ್ಲಿ ಯಾರಾದರೂ ಈಗಲೇ ಕಿವಿಯ ಕೆಳಗೆ ಕೈಯಾಡಿಸಿ ಗಾಬರಿಯಾಗುವ ಮೊದಲು ಹೇಳಿಬಿಡುತ್ತೇನೆ: ಆ ಜಾಗದ ಗಂಟುಗಳಲ್ಲಿ ನೂರಕ್ಕೆ ಸುಮಾರು 80 ಕ್ಯಾನ್ಸರ್ ಅಲ್ಲ. ಗ್ರಂಥಿ ಚಿಕ್ಕದಾದಷ್ಟೂ ಗಂಟಿನ ಮೇಲಿನ ಅನುಮಾನ ಹೆಚ್ಚು. ದವಡೆಯಡಿಯ ಗ್ರಂಥಿಯ ಗಂಟುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕ್ಯಾನ್ಸರ್, ನಾಲಿಗೆಯಡಿಯವುಗಳಲ್ಲಿ ಬಹುಪಾಲು. ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದುಕೊಂಡು ಬಂದಿದೆ. ಅಂಥ ಪಟ್ಟಿಗಳಲ್ಲಿ ಬಾಯಿ, ಹೊಟ್ಟೆ, ಸ್ತನ, ಗರ್ಭಕೊರಳು ಇವುಗಳ ಹೆಸರು ಮೇಲಿರುತ್ತದೆ, ಲಾಲಾಗ್ರಂಥಿಯದು ಎಲ್ಲೋ ತಳದಲ್ಲಿ. ಅಪರೂಪದ್ದು ಎಂದರೆ ರೋಗಿಗೆ ಸಮಾಧಾನವೇನಲ್ಲ. ಇದೇ ಆದವರು ಇನ್ನೊಬ್ಬರು ಊರಲ್ಲಿ ಸಿಗುವುದಿಲ್ಲ, ಅಷ್ಟೇ ಅದರ ಅರ್ಥ.

ನನ್ನ ಗಂಟು ಕಂಡದ್ದು ಗಡ್ಡ ಹೆರೆಯುವಾಗ. ಎಡಗಿವಿಯ ಹಾಲೆಯ ಕೆಳಗೆ ಬ್ಲೇಡು ಏನನ್ನೋ ಹತ್ತಿ ಇಳಿಯಿತು. "ಮಂಗನಬಾವು ಕಣೋ, ಚಿಕ್ಕವನಿದ್ದಾಗ ನಿಂಗೆ ಆಗಿರಲಿಲ್ಲ, ಈಗ ಬಂದಿದೆ" ಅಂದಳು ಅಮ್ಮ. ತಪ್ಪೇನಲ್ಲ, ಮಂಗನಬಾವು ಊದಿಸುವುದೂ ಇದೇ ಗ್ರಂಥಿಯನ್ನು. ಆದರೆ ಅದು ಜ್ವರ ತರುತ್ತದೆ, ಅಗಿದರೆ ನೋಯುತ್ತದೆ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಇದು ಇಳಿಯಲೂ ಇಲ್ಲ, ನೋಯಲೂ ಇಲ್ಲ. "ನೋವಿಲ್ಲ ತಾನೆ? ಹಂಗಾದ್ರೆ ಏನೂ ಆಗಲ್ಲ ಬಿಡು" ಎಂದು ಎಲ್ಲರೂ ಹೇಳಿದರು. ನಮ್ಮ ಕಡೆ ನೋವೇ ರೋಗದ ಅಳತೆ. ಕ್ಯಾನ್ಸರ್ ಗಂಟುಗಳಲ್ಲಿ ಎಷ್ಟೋ ಮೊದಮೊದಲು ನೋಯುವುದೇ ಇಲ್ಲ. ಕೆಲವು ವಾರ ಕಳೆದರೂ ಇಳಿಯದ ಗಂಟು, ಬೇಗ ಬೆಳೆಯುವ ಗಂಟು, ಮುಖದ ಒಂದು ಕಡೆ ಸೋತಂತೆ ಅಥವಾ ಜೋಮು ಹಿಡಿದಂತೆ ಮಾಡುವ ಗಂಟು, ಇವನ್ನು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಲೇಬೇಕು. ಅವರು ಸ್ಕ್ಯಾನ್ ಮಾಡುತ್ತಾರೆ, ಸಣ್ಣ ಸೂಜಿ ಚುಚ್ಚಿ ಜೀವಕೋಶ ತೆಗೆದು ನೋಡುತ್ತಾರೆ. ಸೂಜಿ ಚುಚ್ಚಿದರೆ ಗಂಟು ರೊಚ್ಚಿಗೇಳುತ್ತದೆ ಎಂಬ ಮಾತು ನಮ್ಮೂರಲ್ಲಿ ಗಟ್ಟಿಯಾಗಿ ಓಡಾಡುತ್ತಿದೆ. ನಂಬಬೇಡಿ. ಮಲೆನಾಡಿನ ಕಡೆ ಯಾರೋ ಬೇರು ಕೊಡುತ್ತಾರಂತೆ, ಮೂರು ತಿಂಗಳು ಕುಡಿದು ನೋಡೋಣ ಎಂಬುದು ಅದಕ್ಕಿಂತ ಅಪಾಯದ ಮಾತು. ಅಪಾಯ ಬೇರಿನಲ್ಲಿದೆಯೋ ಇಲ್ಲವೋ, ಆ ಮೂರು ತಿಂಗಳಲ್ಲಂತೂ ಇದೆ.

ವರದಿ ಬಂದ ದಿನ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. "ನೀನು ಹೊರಗೆ ಕೂತಿರಪ್ಪಾ" ಎಂದು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಅಪ್ಪ ಮತ್ತು ಭಾವನನ್ನು ಒಳಗೆ ಕರೆದರು. ಕಡತ ನನ್ನ ತೊಡೆಯ ಮೇಲೇ ಇತ್ತು. ನಾನು ಎಂ.ಎಸ್‌ಸಿ. ಓದಿದವನು, ಇಂಗ್ಲಿಷ್ ಬರುತ್ತದೆ, ಕೈಯಲ್ಲಿ ಮೊಬೈಲ್ ಇದೆ. ಒಳಗೆ ಬಾಗಿಲು ಹಾಕಿಕೊಂಡು ಅವರಿಬ್ಬರಿಗೆ ಮೆಲ್ಲಗೆ ಹೇಳುತ್ತಿದ್ದುದನ್ನು ಹೊರಗೆ ನಾನು ಒಬ್ಬನೇ ಓದಿಕೊಂಡೆ. ಮ್ಯೂಕೊಎಪಿಡರ್ಮಾಯ್ಡ್ ಕಾರ್ಸಿನೋಮ. ಅಪ್ಪ ಹೊರಗೆ ಬಂದು, "ಏನಿಲ್ವಂತೆ, ಸಣ್ಣ ಗಡ್ಡೆಯಂತೆ, ತೆಗೀತಾರಂತೆ" ಎಂದರು. ನಾನು ಹೂಂ ಅಂದೆ. ಬಸ್ಸಿನಲ್ಲಿ ಹಿರಿಯೂರಿನ ತನಕ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದವರಂತೆ ನಟಿಸಿದೆವು.

ಅಪ್ಪನನ್ನು ದೂರುತ್ತಿಲ್ಲ. ಮಗನನ್ನು ಕಾಪಾಡುವುದು ಹೀಗೇ ಎಂದು ಅವರು ತಿಳಿದಿದ್ದರು. ಆದರೆ ಆಸ್ಪತ್ರೆಯವರಿಗೆ ಒಂದು ಮಾತು ಹೇಳಬೇಕು. ಇಪ್ಪತ್ತು, ಮೂವತ್ತರ ರೋಗಿ ಮಗುವಲ್ಲ. 15ರಿಂದ 39ರವರೆಗಿನವರನ್ನು ಕ್ಯಾನ್ಸರ್ ವೈದ್ಯಶಾಸ್ತ್ರ ಈಗ ಒಂದು ಬೇರೆ ಗುಂಪು ಎಂದೇ ಎಣಿಸುತ್ತದೆ. ಮಕ್ಕಳ ವಾರ್ಡೂ ಅವರದಲ್ಲ, ಹಿರಿಯರ ವಾರ್ಡೂ ಅವರದಲ್ಲ. ಕೆಲಸ ಇನ್ನೂ ಕಾಯಂ ಆಗಿಲ್ಲ, ಮದುವೆ ಆಗಿಲ್ಲ, ಕೈಸಾಲ ತೀರಿಲ್ಲ. ಎಲ್ಲವೂ ಶುರುವಾಗಬೇಕಾದ ಹೊತ್ತಿನಲ್ಲಿ ಬರುವ ರೋಗದ ಸುದ್ದಿಯನ್ನು ಅವರಿಗೇ ಹೇಳಿ. ಎದುರಿಗೆ ಕೂರಿಸಿಕೊಂಡು, ಕನ್ನಡದಲ್ಲಿ ಹೇಳಿ. ಮನೆಯವರೂ ಜೊತೆಗಿರಲಿ, ಬೇಡ ಅನ್ನುವುದಿಲ್ಲ. ನನಗೆ ಆ ಮಾತು ಹೀಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ, ಶಸ್ತ್ರಚಿಕಿತ್ಸಕರಿಂದ. ಒಂದು ಹಾಳೆಯ ಮೇಲೆ ನನ್ನ ಮುಖದ ಚಿತ್ರ ಬರೆದು, ಕಿವಿಯ ಕೆಳಗಿನಿಂದ ಐದು ಗೆರೆ ಎಳೆದರು.

ಆ ಐದು ಗೆರೆಗಳೇ ಈ ಶಸ್ತ್ರಚಿಕಿತ್ಸೆಯ ಕಥೆ. ಮುಖದ ಒಂದೊಂದು ಬದಿಯ ಹಾವಭಾವದ ಸ್ನಾಯುಗಳನ್ನೆಲ್ಲ ಆಡಿಸುವ ನರ ಒಂದೇ. ಅದು ಕಿವಿಯ ಹಿಂದಿನ ಎಲುಬಿನಿಂದ ಹೊರಬಂದು ಪೆರೋಟಿಡ್ ಗ್ರಂಥಿಯ ಒಳಗೇ ಹಾದು, ಅಲ್ಲಿ ಐದು ಕವಲಾಗುತ್ತದೆ. ಹುಬ್ಬಿಗೆ, ಕಣ್ಣಿಗೆ, ಕೆನ್ನೆಗೆ, ಕೆಳತುಟಿಗೆ, ಕುತ್ತಿಗೆಗೆ. ಗ್ರಂಥಿ ತೆಗೆಯುವವರು ಗಂಟಿಗಿಂತ ಮೊದಲು ಈ ನರವನ್ನು ಹುಡುಕಿಕೊಳ್ಳಬೇಕು, ಅದರ ಮೇಲಿನಿಂದ ಗ್ರಂಥಿಯನ್ನು ಎಳೆಯೆಳೆಯಾಗಿ ಬಿಡಿಸಬೇಕು. ಕ್ಯಾನ್ಸರ್ ನರಕ್ಕೇ ಅಂಟಿದ್ದರೆ ನರವನ್ನೂ ಕೊಡಬೇಕಾಗುತ್ತದೆ. ಆಗ ಕಾಲಿನಿಂದಲೋ ಕುತ್ತಿಗೆಯಿಂದಲೋ ಒಂದು ತುಂಡು ನರ ತಂದು ಹೊಲಿಯುವುದುಂಟು. ರೆಪ್ಪೆ ಮುಚ್ಚದವರಿಗೆ ಮೇಲುರೆಪ್ಪೆಯ ಒಳಗೆ ಚಿನ್ನದ ಸಣ್ಣ ತೂಕ ಇಟ್ಟು ಕಣ್ಣು ಉಳಿಸುವುದುಂಟು. "ನಗು ಒಂದು ಕಡೆ ಜಾರಬಹುದು. ಎಷ್ಟು ದಿನ ಅಂತ ಈಗಲೇ ಹೇಳೋಕಾಗಲ್ಲ" ಎಂದರು. ಅಷ್ಟು ನೇರವಾಗಿ ಹೇಳಿದ್ದರಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ಶಸ್ತ್ರಚಿಕಿತ್ಸೆ ಮುಗಿದು ಎಚ್ಚರವಾದಾಗ ಅವರು ಕೇಳಿದ ಮೊದಲ ಮಾತು ಹೇಗಿದ್ದೀಯ ಅಂತಲ್ಲ. ಹುಬ್ಬು ಏರಿಸು, ಕಣ್ಣು ಬಿಗಿಯಾಗಿ ಮುಚ್ಚು, ಹಲ್ಲು ಕಿರಿ, ಶಿಳ್ಳೆ ಹಾಕು. ಹುಬ್ಬು ಏರಿತು, ಕಣ್ಣು ಮುಚ್ಚಿತು. ಹಲ್ಲು ಕಿರಿದಾಗ ಬಲಗಡೆ ಮಾತ್ರ ಕಿರಿಯಿತು, ಶಿಳ್ಳೆ ಗಾಳಿಯಾಗಿ ಹೋಯಿತು. ತುಟಿಯ ಕವಲು ಎಳೆತಕ್ಕೆ ದಣಿದಿತ್ತು. ದಣಿದ ನರ ತಿಂಗಳುಗಳ ಮೇಲೆ ನಿಧಾನವಾಗಿ ಮರಳುತ್ತದೆ. ಅಲ್ಲಿಯವರೆಗೆ ಕನ್ನಡಿಯ ಮುಂದೆ ನಿಂತು ಮುಖ ಆಡಿಸುವ ವ್ಯಾಯಾಮ. ನಮ್ಮ ಮನೆಯ ಕನ್ನಡಿ ಇರುವುದು ಪಡಸಾಲೆಯಲ್ಲಿ. ಬಂದವರೆಲ್ಲ ನಾನು ಕನ್ನಡಿಗೆ ಹಲ್ಲು ಕಿರಿಯುವುದನ್ನು ನೋಡಿ, ಪಾಪ, ತಲೆಗೂ ಏರಿದೆ ಅಂದುಕೊಂಡಿರಬೇಕು.

ಮ್ಯೂಕೊಎಪಿಡರ್ಮಾಯ್ಡ್ ಎಂಬುದು ಲಾಲಾಗ್ರಂಥಿ ಕ್ಯಾನ್ಸರ್‌ಗಳಲ್ಲಿ ಹೆಚ್ಚು ಕಾಣುವ ಬಗೆ, ಎಳೆಯರಲ್ಲೂ ಕಾಣಿಸಿಕೊಳ್ಳುವ ಬಗೆ. ಕಡಿಮೆ ಉಗ್ರತೆಯ ದರ್ಜೆಯದಾದರೆ, ಅಂಚುಗಳಲ್ಲಿ ಏನೂ ಉಳಿಯದಿದ್ದರೆ, ಶಸ್ತ್ರಚಿಕಿತ್ಸೆಯೇ ಸಾಕಾಗಬಹುದು. ನನ್ನದು ಮಧ್ಯಮ ದರ್ಜೆ, ಅಂಚು ನರಕ್ಕೆ ತೀರಾ ಹತ್ತಿರ. ಹಾಗಾಗಿ ವಿಕಿರಣ ಚಿಕಿತ್ಸೆಯೂ ಬೇಕು ಎಂದರು. ಲಾಲಾಗ್ರಂಥಿಯ ಕ್ಯಾನ್ಸರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ, ಒಂದರ ಸ್ವಭಾವ ಇನ್ನೊಂದಕ್ಕಿಲ್ಲ. ಅಡಿನಾಯ್ಡ್ ಸಿಸ್ಟಿಕ್ ಎಂಬುದು ನಿಧಾನ, ಆದರೆ ನರಗಳ ಗುಂಟ ಹರಿದು, ಹತ್ತು ಹದಿನೈದು ವರ್ಷ ಕಳೆದ ಮೇಲೂ ಶ್ವಾಸಕೋಶದಲ್ಲಿ ತಲೆ ಎತ್ತಬಲ್ಲದು. ಆದ್ದರಿಂದ ಮೊಬೈಲಿನಲ್ಲಿ ಲಾಲಾಗ್ರಂಥಿ ಕ್ಯಾನ್ಸರ್ ಎಂದು ಹುಡುಕಿ, ಯಾರದೋ ಬಗೆಯ ಅಂಕಿ ಓದಿ, ರಾತ್ರಿ ನಿದ್ದೆಗೆಡುವುದರಲ್ಲಿ ಅರ್ಥವಿಲ್ಲ.

ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ "ಕರೆಂಟ್ ಇಡೋದು" ಅನ್ನುತ್ತಾರೆ. ಭೌತಶಾಸ್ತ್ರದವನಾದ ನನಗೆ ಈ ಮಾತು ಕೇಳಿದಾಗಲೆಲ್ಲ ಬಾಯಿ ತುರಿಸುತ್ತದೆ. ಕರೆಂಟ್ ಅಲ್ಲ, ಬಹಳ ಶಕ್ತಿಯ ಎಕ್ಸ್-ಕಿರಣ. ಅದರ ಅಳತೆ ಗ್ರೇ, ಲೂಯಿ ಹೆರಾಲ್ಡ್ ಗ್ರೇ ಎಂಬ ಬ್ರಿಟಿಷ್ ಭೌತವಿಜ್ಞಾನಿಯ ಹೆಸರಿನದು. ಒಂದು ಕಿಲೋ ಅಂಗಾಂಶಕ್ಕೆ ಒಂದು ಜೌಲ್ ಶಕ್ತಿ ಬಿದ್ದರೆ 1 ಗ್ರೇ. ಇಂಥ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, ಆರು ವಾರ ಕೊಟ್ಟು 60 ಗ್ರೇ ಮಾಡುತ್ತಾರೆ. ಯಂತ್ರದ ಕೆಳಗೆ ಮಲಗಿದ್ದಾಗ ನಾನು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದ್ದೆ. ಆರು ವಾರದ ಅಷ್ಟೂ ಶಕ್ತಿಯನ್ನು ಒಂದೇ ಸಲ ನೀರಿಗೆ ಕೊಟ್ಟರೂ ಅದರ ಉಷ್ಣತೆ ಏರುವುದು ಒಂದು ಡಿಗ್ರಿಯ ಐವತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ! ಅಷ್ಟು ಅಲ್ಪ ಶಕ್ತಿ ಇಷ್ಟೆಲ್ಲ ಮಾಡುತ್ತದೆ, ಏಕೆಂದರೆ ಅದರ ಏಟು ಬೀಳುವುದು ಜೀವಕೋಶದ ಡಿಎನ್ಎ ಎಳೆಗಳ ಮೇಲೆ. ಬೇಯಿಸುವುದಿಲ್ಲ, ಸುಡುವುದಿಲ್ಲ. ಚರ್ಮ ಕಪ್ಪಾಗಿ ಸುಲಿದಾಗ "ಸುಟ್ಟುಬಿಟ್ಟಿದಾರೆ" ಎಂದು ಅಮ್ಮ ಅತ್ತಳು. ಈ ಲೆಕ್ಕ ಅವಳಿಗೆ ಹೇಳಲು ಹೋದೆ. ಅವಳಿಗೆ ಸಮಾಧಾನವಾಗಲಿಲ್ಲ.

ಮೊದಲ ದಿನ ಮುಖವಾಡ ಮಾಡುತ್ತಾರೆ. ಬಿಳಿ ಪ್ಲಾಸ್ಟಿಕ್ಕಿನ ಜಾಲರಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆಯುತ್ತಾರೆ. ನಿಮಿಷಗಳಲ್ಲಿ ಅದು ಮುಖದ ಅಚ್ಚಾಗಿ ಬಿಗಿಯುತ್ತದೆ. ದಿನವೂ ಅದನ್ನು ತೊಡಿಸಿ, ಮಂಚಕ್ಕೆ ಗುಂಡಿ ಹಾಕಿ, ತಲೆ ಕೂದಲೆಳೆಯಷ್ಟೂ ಅಲುಗದಂತೆ ಮಾಡುತ್ತಾರೆ. ಉಸಿರು ಕಟ್ಟುವ ಭಯ ಇರುವವರು ಮೊದಲೇ ಹೇಳಿ. ಕಣ್ಣಿನ ಜಾಗ ಕತ್ತರಿಸಿ ಕೊಡುವುದುಂಟು, ಕೈಗೆ ಒಂದು ಕರೆಗಂಟೆ ಕೊಡುವುದುಂಟು. ಹೇಳದೆ ಹಲ್ಲು ಕಚ್ಚಿಕೊಂಡು ಮಲಗುವುದು ಶೌರ್ಯವಲ್ಲ.

ಹಲ್ಲಿನ ಮಾತು ಬಂತು. ವಿಕಿರಣಕ್ಕೆ ಮೊದಲು ಹಲ್ಲಿನ ವೈದ್ಯರನ್ನು ಕಾಣದೆ ಯಂತ್ರದ ಕೆಳಗೆ ಮಲಗಬೇಡಿ. ಹುಳುಕಿದ್ದನ್ನು ತುಂಬಿಸಬೇಕು, ಉಳಿಯದ ಹಲ್ಲನ್ನು ಮೊದಲೇ ಕೀಳಿಸಿ ಗಾಯ ಮಾಯಲು ಬಿಡಬೇಕು. ಜೊಲ್ಲು ಕಡಿಮೆಯಾದ ಬಾಯಿಯಲ್ಲಿ ಹಲ್ಲು ಬೇಗ ಹುಳುಕುತ್ತದೆ. ವಿಕಿರಣ ಬಿದ್ದ ದವಡೆಯಿಂದ ಆಮೇಲೆ ಹಲ್ಲು ಕಿತ್ತರೆ ಎಲುಬಿನ ಗಾಯ ಮಾಯದೆ ಕೊಳೆಯುವ ಅಪಾಯವಿದೆ, ಅದೂ ವರ್ಷಗಳ ನಂತರವೂ. ಊರಿನ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ತಕ್ಷಣ "ನಂಗೆ ರೇಡಿಯೇಷನ್ ಆಗಿದೆ" ಎಂದು ಹೇಳುವುದು ಜೀವಮಾನದ ಅಭ್ಯಾಸವಾಗಬೇಕು. ಇನ್ನೊಂದು, ಬಾಯಿ ಬಿಗಿಯುವುದು. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಬೇಕು. ತೂರದಿದ್ದರೆ ದವಡೆ ಬಿಗಿಯುತ್ತಿದೆ ಎಂದರ್ಥ. ನನಗೆ ಹೇಳಿಕೊಟ್ಟ ವ್ಯಾಯಾಮದ ಸಾಧನ ಐಸ್‌ಕ್ರೀಮ್ ಕಡ್ಡಿಗಳ ಕಟ್ಟು. ವಾರಕ್ಕೊಂದು ಕಡ್ಡಿ ಸೇರಿಸುತ್ತಾ ಹೋಗಬೇಕು. ಇಷ್ಟು ಅಗ್ಗದ ಚಿಕಿತ್ಸೆ ಇಡೀ ಆಸ್ಪತ್ರೆಯಲ್ಲಿ ಇನ್ನೊಂದಿಲ್ಲ, ಇಷ್ಟು ಜನ ಕೈಬಿಡುವ ಚಿಕಿತ್ಸೆಯೂ ಇನ್ನೊಂದಿರಲಿಕ್ಕಿಲ್ಲ.

ಊಟದ ಬಗ್ಗೆ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ. ಮೂರನೇ ವಾರಕ್ಕೆ ರುಚಿ ಹೋಯಿತು. ಅನ್ನ, ಸಾರು, ಬೆಲ್ಲ ಎಲ್ಲವೂ ಒಂದೇ. ಆಮೇಲೆ ಬಾಯಲ್ಲಿ ಹುಣ್ಣೆದ್ದವು. ನಮ್ಮದು ಮಂಡಕ್ಕಿ ಮೆಣಸಿನಕಾಯಿಯ ಸೀಮೆ. ಒಣಗಿದ ಬಾಯಿಗೆ ಮಂಡಕ್ಕಿ ಹಾಕಿಕೊಂಡರೆ ಅಂಗುಳಕ್ಕೆ ಅಂಟಿ ಬೆರಳು ಹಾಕಿ ಬಿಡಿಸಬೇಕು. ಮೆಣಸಿನಕಾಯಿಯ ಸುದ್ದಿಯೇ ಬೇಡ. ರೊಟ್ಟಿ, ಚಪಾತಿ, ಅವಲಕ್ಕಿ ಎಲ್ಲಕ್ಕೂ ಜೊಲ್ಲು ಬೇಕು. ಕೈ ಹಿಡಿದದ್ದು ಮುದ್ದೆ. ಮುದ್ದೆಯನ್ನು ಅಗಿಯುವುದಿಲ್ಲವಲ್ಲ, ನುಂಗುವುದು. ಅಮ್ಮ ಅದನ್ನು ಇನ್ನೂ ಮೆತ್ತಗೆ ತಿರುವಿ, ಖಾರ ಹಾಕದ ಬಸ್ಸಾರಿನಲ್ಲಿ ತೇಲಿಸಿ, ಮೇಲೆ ತುಪ್ಪ ಬಿಟ್ಟು ಕೊಡುತ್ತಿದ್ದಳು. ಅದೂ ಇಳಿಯದ ದಿನಗಳಲ್ಲಿ ರಾಗಿ ಗಂಜಿ, ಮಜ್ಜಿಗೆ ಬೆರೆಸಿದ ಅಂಬಲಿ, ಬಾಳೆಹಣ್ಣು ಕಿವುಚಿದ ಹಾಲು. ತೂಕ ಇಳಿಯುತ್ತಿದ್ದರೆ ಮೂಗಿನಿಂದ ನಳಿಗೆ ಇಳಿಸುತ್ತಾರೆ. ಅದನ್ನು ಸೋಲು ಎಂದು ತಿಳಿಯಬೇಕಾಗಿಲ್ಲ, ಹೊಟ್ಟೆಗೆ ಬಿದ್ದರೆ ಚಿಕಿತ್ಸೆ ಮುಗಿಯುತ್ತದೆ. ನನಗೆ ವಿಕಿರಣ ಬಿದ್ದದ್ದು ಎಡಬದಿಗೆ ಮಾತ್ರ, ಬಲಗಡೆಯ ಗ್ರಂಥಿಗಳು ನಿಧಾನವಾಗಿ ಜಾಸ್ತಿ ಹೊರೆ ಹೊತ್ತವು. ರುಚಿ ತಿಂಗಳುಗಳ ಮೇಲೆ ಮರಳಿತು. ಮೊದಲು ಬಂದದ್ದು ಹುಳಿ.

ಅಮೆರಿಕದ ಹೆಸರಾಂತ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್‌ಗೂ ಲಾಲಾಗ್ರಂಥಿಯ ಕ್ಯಾನ್ಸರ್ ಆಗಿತ್ತು. 2006ರಲ್ಲಿ ಅವರು ಕೆಳದವಡೆ ಕಳೆದುಕೊಂಡರು. ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಮಾತಾಡುವಂತಿಲ್ಲ. 2013ರಲ್ಲಿ ತೀರಿಕೊಳ್ಳುವ ತನಕ ಬರೆಯುತ್ತಲೇ ಇದ್ದರು, ಕಂಪ್ಯೂಟರಿನ ದನಿಯಲ್ಲಿ ಮಾತಾಡಿದರು. ತಮಗೆ ನೆನಪಾಗಿ ಕಾಡುವುದು ಊಟಕ್ಕಿಂತ ಊಟದ ಮೇಜಿನ ಹರಟೆ ಎಂಬರ್ಥದ ಮಾತು ಬರೆದಿದ್ದಾರೆ. ನನ್ನದು ಅವರ ಪಾಡಿನ ಹತ್ತಿರಕ್ಕೂ ಬರುವುದಿಲ್ಲ. ಆದರೂ ಪಂಕ್ತಿಯಲ್ಲಿ ಎಲ್ಲರೂ ಎದ್ದ ಮೇಲೆ ಇನ್ನೂ ಅರ್ಧ ಎಲೆ ಮುಂದಿಟ್ಟುಕೊಂಡು ಕೂರುವವನಿಗೆ ಆ ಮಾತು ಅರ್ಥವಾಗುತ್ತದೆ.

ಈಗ ಪ್ರಶ್ನೆಗಳ ವಿಚಾರ. ವಿಕಿರಣದ ಕೋಣೆಯ ಹೊರಗೆ ಕಾಯುವವರಲ್ಲಿ ನನ್ನ ವಯಸ್ಸಿನವರು ಕಡಿಮೆ. ಹೆಚ್ಚಿನವರು ಬಾಯಿಯ ಕ್ಯಾನ್ಸರಿನವರು. ಅಡಿಕೆ, ಹೊಗೆಸೊಪ್ಪು, ಗುಟ್ಕಾ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಮಸಾಲ ಒಂದು ಚೀಟಿಯಲ್ಲಿ, ಹೊಗೆಸೊಪ್ಪು ಇನ್ನೊಂದರಲ್ಲಿ ಮಾರಾಟ ನಡೆದೇ ಇತ್ತು. ಹಾಗಾಗಿ ಬಾಯಿಯ ಸುತ್ತಮುತ್ತ ಎಲ್ಲಿ ಕ್ಯಾನ್ಸರ್ ಎಂದರೂ ಜನ ಕೇಳುವುದು ಒಂದೇ: "ಏನ್ ಹಾಕ್ತಿದ್ದೆ?" ನೆಂಟರು ಕೇಳಿದರು, ಸಹೋದ್ಯೋಗಿಗಳು ಕೇಳಿದರು, ಆಟೋದವರೂ ಕೇಳಿದರು. ನಾನು ಏನೂ ಹಾಕುತ್ತಿರಲಿಲ್ಲ. ಲಾಲಾಗ್ರಂಥಿಯ ಕ್ಯಾನ್ಸರ್‌ಗಳಲ್ಲಿ ಬಹುಪಾಲಿಗೆ ತಂಬಾಕಿನ ನಂಟು ಗಟ್ಟಿಯಾಗಿ ಕಂಡಿಲ್ಲ. ಖಚಿತವಾಗಿ ಗೊತ್ತಿರುವ ಕಾರಣವೆಂದರೆ ವಿಕಿರಣ. 1945ರ ಬಾಂಬಿನಿಂದ ಬದುಕುಳಿದ ಹಿರೋಶಿಮ, ನಾಗಸಾಕಿಯವರಲ್ಲಿ ಈ ಗಂಟುಗಳು ಹೆಚ್ಚಾಗಿ ಕಂಡವು. ನನ್ನಂಥವರಲ್ಲಿ ಕಾರಣ ಸಿಗುವುದೇ ಇಲ್ಲ.

ಇಷ್ಟು ಹೇಳಿ ನಾನು ತಪ್ಪಿಸಿಕೊಳ್ಳಬಹುದು. ಆದರೆ ನನ್ನ ಪಕ್ಕದ ಕುರ್ಚಿಯಲ್ಲಿ ಹೊಳಲ್ಕೆರೆ ಕಡೆಯ ಅಡಿಕೆ ಸುಲಿಯುವ ಒಬ್ಬರು ದಿನವೂ ಕೂರುತ್ತಿದ್ದರು. "ತಮ್ಮಾ, ನೀನು ತಿಂದಿಲ್ಲ ಅಂತೀಯ, ಜನ ಅಯ್ಯೋ ಅಂತಾರೆ. ನಾನು ತಿಂದಿದ್ದೆ, ನಂಗೆ ಹಂಗೇ ಆಗ್ಬೇಕು ಅಂತಾರೆ" ಅಂದರು. ಎಂಟನೇ ವಯಸ್ಸಿಗೆ ಅಡಿಕೆ ಚೇಣಿಯ ಕೆಲಸಕ್ಕೆ ಇಳಿದು, ಅಲ್ಲೇ ಬಾಯಿಗೆ ಹಾಕಿಕೊಳ್ಳಲು ಕಲಿತವರು. ಅವರಿಗೂ ನನಗೂ ಅದೇ ಮುಖವಾಡ, ಅದೇ ಹುಣ್ಣು, ಅದೇ ಗಂಜಿ. ತಂಬಾಕು ಬಿಡಿಸುವ ಪ್ರಚಾರ ಜೋರಾಗಿಯೇ ನಡೆಯಲಿ, ಶಾಲೆಯ ಮುಂದಿನ ಅಂಗಡಿ ಮುಚ್ಚಿಸಲಿ. ಮಂಚದ ಮೇಲಿರುವವನನ್ನು ವಿಚಾರಣೆ ಮಾಡುವುದು ಆ ಪ್ರಚಾರದ ಭಾಗವಲ್ಲ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ, ಆದರೆ ಬಿಡುವ ಹಾಗಿಲ್ಲ. ಅತಿಥಿ ಉಪನ್ಯಾಸಕನಿಗೆ ಕ್ಲಾಸು ತೆಗೆದುಕೊಂಡರೆ ಗೌರವಧನ, ಇಲ್ಲದಿದ್ದರೆ ಇಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಕೊಡುತ್ತದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮೊದಲೇ ಬರೆಸಿಕೊಳ್ಳಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವವರಿಗೂ ದೊಡ್ಡ ಪಾಲು ರಿಯಾಯಿತಿ ಇದೆ. ಅದಕ್ಕೊಂದು ನಮೂನೆ ಉಂಟು, ಆಸ್ಪತ್ರೆಯವರು ಸಹಿ ಮಾಡಿಕೊಡಬೇಕು.

ಎಲ್ಲ ಮುಗಿದು, ಊರಿಗೆ ಬಂದು, ತುಟಿಯೂ ಸುಮಾರು ಸರಿಹೋಯಿತು ಅನ್ನುವಾಗ ಹೊಸದೊಂದು ಶುರುವಾಯಿತು. ಊಟಕ್ಕೆ ಕುಳಿತರೆ ಎಡಗೆನ್ನೆ ಮಾತ್ರ ಬೆವರುತ್ತದೆ. ಉಪ್ಪಿನಕಾಯಿ ಕಂಡರಂತೂ ಹನಿ ಇಳಿಯುತ್ತದೆ. ಗ್ರಂಥಿಗೆ "ಜೊಲ್ಲು ಸುರಿಸು" ಎಂದು ಆಜ್ಞೆ ತರುತ್ತಿದ್ದ ನರದ ಎಳೆಗಳು, ಗ್ರಂಥಿ ಹೋದ ಮೇಲೆ ಮತ್ತೆ ಬೆಳೆಯುತ್ತ ದಾರಿ ತಪ್ಪಿ ಚರ್ಮದ ಬೆವರಿನ ಗ್ರಂಥಿಗಳನ್ನು ಸೇರಿಕೊಳ್ಳುತ್ತವೆ. ಆಜ್ಞೆ ಅದೇ, ಕೇಳುವವರು ಬೇರೆ. ಇದಕ್ಕೆ ಫ್ರೇ ಸಿಂಡ್ರೋಮ್ ಎಂದು ಹೆಸರು. ಪೋಲೆಂಡಿನ ನರರೋಗ ತಜ್ಞೆ ಲೂಸಿಯಾ ಫ್ರೇ 1923ರಲ್ಲಿ, ಗುಂಡೇಟು ತಿಂದು ಇದೇ ಜಾಗದಲ್ಲಿ ಗಾಯವಾಗಿದ್ದ ಒಬ್ಬ ಯುವ ಸೈನಿಕನಲ್ಲಿ ಇದನ್ನು ನೋಡಿ, ನರಗಳ ಈ ಅದಲುಬದಲನ್ನು ವಿವರಿಸಿದರು. ಆಕೆ ಯಹೂದಿ. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಲ್ವೂಫ್ ನಗರದ ಕೇರಿಯಲ್ಲಿ ಜೀವ ಕಳೆದುಕೊಂಡರು. ಹಂಚಿಕೊಳ್ಳಲು ಊರಲ್ಲಿ ಇನ್ನೊಬ್ಬ ರೋಗಿ ಇಲ್ಲದ ನನಗೆ, ನೂರು ವರ್ಷದ ಹಿಂದಿನ ಆ ಸೈನಿಕನ ಕೆನ್ನೆಯೂ ಹೀಗೇ ಬೆವರುತ್ತಿತ್ತು ಎಂದು ಓದಿದ್ದು ವಿಚಿತ್ರವಾದ ಖುಷಿ ಕೊಟ್ಟಿತು. ಹೆಚ್ಚಾದರೆ ಬೊಟಾಕ್ಸ್ ಚುಚ್ಚಿ ತಡೆಯಬಹುದು. ನನಗೆ ಕರವಸ್ತ್ರ ಸಾಕು.

ಹೆಣ್ಣು ನೋಡಲು ಹೋದ ಮನೆಯಲ್ಲಿ ಮಾತ್ರ ಕರವಸ್ತ್ರ ಸಾಲಲಿಲ್ಲ. ಉಪ್ಪಿಟ್ಟು, ಕೇಸರಿಬಾತ್ ತಂದಿಟ್ಟರು. ಉಪ್ಪಿಟ್ಟಿಗೆ ನಿಂಬೆ ಹಿಂಡಿದ್ದರು. ಒಂದು ತುತ್ತಿಗೇ ಎಡಗೆನ್ನೆ ತೊಟ್ಟಿಕ್ಕಿತು. ಹುಡುಗಿಯ ತಂದೆ ಎದ್ದು ಫ್ಯಾನು ಜೋರು ಮಾಡಿ, "ಗಾಬರಿ ಆಗ್ಬೇಡಿ, ನಮ್ಮನೆ ಅಂತ ತಿಳ್ಕೊಳ್ಳಿ" ಎಂದರು. ಮದುವೆಯ ಮಾತುಕತೆಯಲ್ಲಿ ಕ್ಯಾನ್ಸರ್ ವಿಷಯ ಎತ್ತಲೇಬೇಡ ಎಂದು ಚಿಕ್ಕಪ್ಪ ತಾಕೀತು ಮಾಡಿದ್ದರು. ನಾನು ಕೇಸರಿಬಾತ್ ಪಕ್ಕಕ್ಕಿಟ್ಟು, ಐದು ಕವಲಿನ ನರದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಚಿಕ್ಕಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತರು. ಆ ಸಂಬಂಧ ಆಗಲಿಲ್ಲ. ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಇರಬಹುದು.

ಮುಚ್ಚಿಡಬಾರದು ಎಂಬುದೇ ಈಗಲೂ ನನ್ನ ಅಭಿಪ್ರಾಯ. ಇಂಥ ಮನೆಗಳಲ್ಲಿ ಕೇಳಬೇಕೆಂದು ಅನಿಸಿದರೂ ಯಾರೂ ಕೇಳದ ಎರಡು ಪ್ರಶ್ನೆಗಳಿಗೆ ಇಲ್ಲೇ ಉತ್ತರ ಹೇಳುತ್ತೇನೆ. ಕೆನ್ನೆ, ಕುತ್ತಿಗೆಗೆ ಕೊಟ್ಟ ವಿಕಿರಣದಿಂದ ಮಕ್ಕಳಾಗುವುದಕ್ಕೆ ತೊಂದರೆಯಿಲ್ಲ. ಕೆಲವು ಕಿಮೋಥೆರಪಿ ಔಷಧಗಳ ಮಾತು ಬೇರೆ. ಅಂಥವು ಬೇಕಾದರೆ ವೀರ್ಯವನ್ನೋ ಅಂಡವನ್ನೋ ಕಾದಿಡುವ ವಿಚಾರವನ್ನು ಔಷಧ ಶುರುವಾಗುವ ಮೊದಲೇ ಎತ್ತಬೇಕು. ವೈದ್ಯರು ಎತ್ತದಿದ್ದರೆ ನೀವೇ ಎತ್ತಿ, ನಾಚಿಕೊಳ್ಳಬೇಡಿ. ಇನ್ನು, ಈ ಕ್ಯಾನ್ಸರ್ ಸಾಮಾನ್ಯವಾಗಿ ತಂದೆತಾಯಿಯಿಂದ ಮಕ್ಕಳಿಗೆ ಬರುವಂಥದಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ.

ಕಾಲೇಜಿಗೆ ಮರಳಿದಾಗ ಸಹೋದ್ಯೋಗಿಗಳು ನನ್ನ ಎದುರು ದನಿ ತಗ್ಗಿಸಿ ಮಾತಾಡುತ್ತಿದ್ದರು. ವಿದ್ಯಾರ್ಥಿಗಳಿಗೆ ಆ ಶಿಸ್ತು ಇಲ್ಲ. ದ್ವಿತೀಯ ಪಿಯುಸಿಯಲ್ಲಿ ಪರಮಾಣು ಬೀಜದ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ನಿಮಗೆ ರೇಡಿಯೇಷನ್ ಕೊಟ್ಟಿದಾರಲ್ಲ, ಈಗ ನಿಮ್ಮಿಂದ ನಮಗೆ ಬರುತ್ತಾ?" ಅಂದಳು. ಪಕ್ಕದವಳು ಅವಳ ಜಡೆ ಎಳೆದು ಕೂರಿಸಲು ನೋಡಿದಳು. ಒಂದು ವರ್ಷದಲ್ಲಿ ನನ್ನನ್ನು ಯಾರಾದರೂ ನೆಟ್ಟಗೆ ಕೇಳಿದ ಮೊದಲ ಪ್ರಶ್ನೆ ಅದು. ಬರುವುದಿಲ್ಲ ಎಂದೆ. ಹೊರಗಿನ ಯಂತ್ರದಿಂದ ಬಂದ ಎಕ್ಸ್-ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಯಂತ್ರ ನಿಂತ ಕ್ಷಣ ಕಿರಣವೂ ಇಲ್ಲ, ದೀಪ ಆರಿಸಿದ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ. ವಿಕಿರಣಶೀಲ ವಸ್ತುವನ್ನೇ ದೇಹದ ಒಳಗಿಡುವ ಚಿಕಿತ್ಸೆಗಳೂ ಇವೆ, ಅವುಗಳ ನಿಯಮ ಬೇರೆ ಎಂದು ಬೋರ್ಡಿನ ಮೇಲೆ ಎರಡು ಕಂಬಸಾಲು ಮಾಡಿ ಬರೆದೆ.

ಅವಳು ಇನ್ನೂ ಕೂತಿರಲಿಲ್ಲ. "ಮತ್ತೆ ಕಿರಣ ಉಳಿದಿಲ್ಲ ಅಂದ್ರೆ ಆ ಕಡೆ ಗಡ್ಡ ಯಾಕೆ ಬಂದಿಲ್ಲ ಸಾರ್?" ಅಂದಳು. ತರಗತಿ ನಕ್ಕಿತು. ಕಿರಣ ಹೋಗುತ್ತದೆ, ಅದು ಮಾಡಿದ ಕೆಲಸ ಉಳಿಯುತ್ತದೆ ಎಂದೆ. ಬೇಗ ಬೇಗ ಒಡೆದು ಎರಡಾಗುವ ಜೀವಕೋಶಗಳಿಗೆ ಈ ಏಟು ಹೆಚ್ಚು. ಕ್ಯಾನ್ಸರ್ ಕೋಶ ಹಾಗೆ ಒಡೆಯುತ್ತದೆ, ಕೂದಲಿನ ಬುಡದ ಕೋಶವೂ ಹಾಗೆ ಒಡೆಯುತ್ತದೆ, ಕಿರಣಕ್ಕೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಅದಕ್ಕೇ ಒಂದೇ ಸಲ ಕೊಡದೆ ದಿನಕ್ಕಿಷ್ಟು ಎಂದು ಹಂಚಿ ಕೊಡುತ್ತಾರೆ. ಒಳ್ಳೆಯ ಕೋಶಗಳು ರಾತ್ರಿಯಿಡೀ ತಮ್ಮನ್ನು ತಾವು ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಆ ರಿಪೇರಿ ಅಷ್ಟು ಚೆನ್ನಾಗಿ ಬರುವುದಿಲ್ಲ. ನನ್ನ ಎಡಗೆನ್ನೆಯ ಕೂದಲ ಬುಡಗಳಿಗೂ ಬರಲಿಲ್ಲ ಅಂತ ಕಾಣುತ್ತದೆ.